ಪಾಟ್‌ಲಕ್‌ಗೂ ಆರ್‌ವಿ ಪ್ರವಾಸಕ್ಕೂ ಒಂದೇ ಬುತ್ತಿ: ಅರ್ಧ ಮನೆಯಲ್ಲಿ, ಅರ್ಧ ಅಲ್ಲಿ

ಅಮೆರಿಕದಲ್ಲಿ ಬೇಸಿಗೆ ಬಂತೆಂದರೆ ಕನ್ನಡದ ಮನೆಗಳಲ್ಲಿ ಎರಡು ಬಗೆಯ ಅಡುಗೆ ಚಿಂತೆ ಶುರು. ಒಂದು, ಕನ್ನಡ ಕೂಟದ ಪಿಕ್ನಿಕ್ಕು, ಸ್ನೇಹಿತರ ಮನೆಯ ಪಾಟ್‌ಲಕ್ಕು, ಅಂದರೆ ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿ ತಿನ್ನುವ ಊಟ. ಇನ್ನೊಂದು, ಎರಡು ಮನೆಯವರು ಸೇರಿ ಆರ್‌ವಿ (ಒಲೆ, ಫ್ರಿಜ್, ಹಾಸಿಗೆ ಎಲ್ಲಾ ಒಳಗೇ ಇರುವ ಪ್ರವಾಸದ ಗಾಡಿ) ಬಾಡಿಗೆಗೆ ತೆಗೆದುಕೊಂಡು ಯೆಲ್ಲೋಸ್ಟೋನ್ ಕಡೆಗೋ ಗ್ರ್ಯಾಂಡ್ ಕ್ಯಾನ್ಯನ್ ಕಡೆಗೋ ಹೊರಡುವುದು. ಮೊದಲನೆಯದರಲ್ಲಿ ನೀವು ಒಲೆ ಆರಿಸಿ ಒಂದೆರಡು ಗಂಟೆ ಆದ ಮೇಲೆ ಜನ ತಿನ್ನುತ್ತಾರೆ. ಎರಡನೆಯದರಲ್ಲಿ ಅಡುಗೆಮನೆ ಅಂದರೆ ಎರಡಡಿ ಕಟ್ಟೆ, ಮೂರು ಬರ್ನರ್, ಒಂದು ಪುಟ್ಟ ಸಿಂಕ್, ಅಷ್ಟೇ. ಆದರೆ ಎರಡಕ್ಕೂ ಉತ್ತರ ಒಂದೇ, ಅದು ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದೇ. ಬುತ್ತಿ ಕಟ್ಟಬೇಕು. ಕೆಡದ ಭಾಗವನ್ನು ಮನೆಯಲ್ಲಿ ಮಾಡಿಟ್ಟುಕೊಳ್ಳಿ, ಕೆಡುವ ಭಾಗವನ್ನು ಅಲ್ಲೇ ಕಲಸಿ.

ಹುಣಸೆ, ಎಣ್ಣೆ, ಉಪ್ಪು, ಚೆನ್ನಾಗಿ ಹುರಿದ ಪುಡಿ ಇವೆಲ್ಲ ತಡೆಯುತ್ತವೆ. ಹಸಿ ತೆಂಗಿನಕಾಯಿ, ಹೆಚ್ಚಿದ ಈರುಳ್ಳಿ, ಬೆಂದ ಅನ್ನ, ಮೊಸರು ತಡೆಯುವುದಿಲ್ಲ. ಈ ಒಂದು ಲೆಕ್ಕ ತಲೆಯಲ್ಲಿದ್ದರೆ ಮುಕ್ಕಾಲು ಪಾಲು ಕೆಲಸ ಆದ ಹಾಗೆ.

ಏನು ಬೇಡ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಆರ್‌ವಿಗೆ ದೋಸೆ ಹಿಟ್ಟು ಬೇಡ. ದಾರಿಯುದ್ದಕ್ಕೂ ಅಲ್ಲಾಡಿ, ಬಿಸಿಲಿಗೆ ಉಬ್ಬಿ, ಡಬ್ಬದ ಮುಚ್ಚಳ ಎಬ್ಬಿಸಿ ಫ್ರಿಜ್ ತುಂಬಾ ಹರಿಯುತ್ತದೆ. ಅದೂ ಸಾಲದು ಅಂತ ಎಂಟು ಜನಕ್ಕೆ ಒಂದೊಂದೇ ದೋಸೆ ಹುಯ್ಯುತ್ತಾ ಯಾರೋ ಒಬ್ಬರು ಇಡೀ ಬೆಳಿಗ್ಗೆ ಒಲೆ ಮುಂದೆಯೇ ನಿಂತಿರಬೇಕು. ಪೂರಿ, ಬಜ್ಜಿ ಅಂತ ಕಾದ ಎಣ್ಣೆಯ ಕೆಲಸವೂ ಬೇಡ. ಪಾಟ್‌ಲಕ್‌ಗೆ ಬಿಸಿಬೇಳೆಬಾತ್ ಒಯ್ಯುವವರು ಬಹಳ ಜನ. ರುಚಿಯೇನೋ ಸರಿ, ಆದರೆ ಅದು ತಣ್ಣಗಾಗುತ್ತಾ ಗಟ್ಟಿಯಾಗಿ ಸೌಟೇ ನಿಲ್ಲುವ ಹಾಗಾಗುತ್ತದೆ. ಒಯ್ಯಲೇಬೇಕು ಅಂದರೆ ಮನೆಯಲ್ಲಿ ಬೇಕಾದದ್ದಕ್ಕಿಂತ ತೆಳ್ಳಗೆ ಮಾಡಿ, ಫ್ಲಾಸ್ಕಿನಲ್ಲಿ ಕುದಿ ನೀರು ಬೇರೆ ಒಯ್ದು, ಬಡಿಸುವ ಮುಂಚೆ ಒಂದಿಷ್ಟು ನೀರು, ಒಂದು ಚಮಚ ತುಪ್ಪ ಹಾಕಿ ಕಲಸಿ.

ಆರ್‌ವಿ ಅಡುಗೆಮನೆ ಹೇಗಿರುತ್ತದೆ

ಹೊಸಬರಿಗೆ ಇದು ಗೊತ್ತಿರುವುದಿಲ್ಲ. ಬಹಳಷ್ಟು ಆರ್‌ವಿಗಳಲ್ಲಿ ಒಲೆ ನಡೆಯುವುದು ಪ್ರೊಪೇನ್ ಗ್ಯಾಸಿನಲ್ಲಿ, ಆದ್ದರಿಂದ ಅದು ಎಲ್ಲಿ ಬೇಕಾದರೂ ಉರಿಯುತ್ತದೆ. ಮೈಕ್ರೋವೇವ್, ಇನ್‌ಸ್ಟಂಟ್ ಪಾಟ್ (ಕರೆಂಟಿನ ಪ್ರೆಶರ್ ಕುಕ್ಕರ್) ಹಾಗಲ್ಲ, ಕ್ಯಾಂಪಿನ ಕರೆಂಟ್ ಕನೆಕ್ಷನ್ ಇರಬೇಕು ಇಲ್ಲವೇ ಜನರೇಟರ್ ಓಡಬೇಕು. ನ್ಯಾಷನಲ್ ಪಾರ್ಕುಗಳ ಒಳಗಿನ ಹೆಚ್ಚಿನ ಕ್ಯಾಂಪ್‌ಗ್ರೌಂಡುಗಳಲ್ಲಿ ಕರೆಂಟ್ ಕನೆಕ್ಷನ್ ಇರುವುದಿಲ್ಲ. ಯೊಸೆಮಿಟೆಯಲ್ಲಿ ಇಲ್ಲ. ಯೆಲ್ಲೋಸ್ಟೋನ್ ಒಳಗೆ ಕರೆಂಟ್, ನೀರು, ಚರಂಡಿ ಮೂರೂ ಸಿಗುವುದು ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕಿನಲ್ಲಿ ಮಾತ್ರ. ಗ್ರ್ಯಾಂಡ್ ಕ್ಯಾನ್ಯನ್ ದಕ್ಷಿಣ ಅಂಚಿನಲ್ಲಾದರೆ ಟ್ರೇಲರ್ ವಿಲೇಜ್ ಇದೆ. ಜನರೇಟರ್ ಓಡಿಸಲು ಪಾರ್ಕಿಗೊಂದು ಸಮಯ ಅಂತ ಇರುತ್ತದೆ, ರಾತ್ರಿ ಎಲ್ಲೂ ಬಿಡುವುದಿಲ್ಲ. ಹಾಗಾಗಿ ಇನ್‌ಸ್ಟಂಟ್ ಪಾಟ್ ಇದೆ ಅಂತ ಧೈರ್ಯವಾಗಿ ಹೋಗಬೇಡಿ. ಮೂರು ಲೀಟರಿನ ಮಾಮೂಲಿ ಪ್ರೆಶರ್ ಕುಕ್ಕರ್ ಒಂದನ್ನು ಮರೆಯದೆ ಇಟ್ಟುಕೊಳ್ಳಿ.

ಕುಕ್ಕರ್ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಎತ್ತರ. ಯೆಲ್ಲೋಸ್ಟೋನ್ ಸರೋವರದ ಹತ್ತಿರ ನೀವು ಸಮುದ್ರ ಮಟ್ಟದಿಂದ 7,700 ಅಡಿಗೂ ಮೇಲಿರುತ್ತೀರಿ. ಅಲ್ಲಿ ನೀರು ಸುಮಾರು 92 ಡಿಗ್ರಿ ಸೆಲ್ಸಿಯಸ್‌ಗೇ ಕುದಿದುಬಿಡುತ್ತದೆ. ತೆರೆದ ಪಾತ್ರೆಯಲ್ಲಿ ಅಕ್ಕಿ ಇಟ್ಟರೆ ಕುದಿಯುತ್ತಲೇ ಇರುತ್ತದೆ, ಒಳಗೆ ಬೀಜ ಮಾತ್ರ ಹಾಗೇ. ತೊಗರಿಬೇಳೆಯ ಮಾತೇ ಬೇಡ. ಕುಕ್ಕರಿನಲ್ಲಾದರೂ ಒಂದು ಸೀಟಿ ಜಾಸ್ತಿ ಕೂಗಿಸಿ.

ಕರೆಂಟ್ ಇದ್ದರೂ ಮಿತಿ ಇದೆ. 30 ಆಂಪ್ ಕನೆಕ್ಷನ್ ಅಂದರೆ 120 ವೋಲ್ಟಿಗೆ 3,600 ವ್ಯಾಟ್. ಎಸಿ ಓಡುತ್ತಿರುವಾಗ ಮೈಕ್ರೋವೇವೂ ಇನ್‌ಸ್ಟಂಟ್ ಪಾಟೂ ಒಟ್ಟಿಗೆ ಹಾಕಿದರೆ ಬ್ರೇಕರ್ ಬಿದ್ದು ಎಲ್ಲಾ ಆರಿ ಹೋಗುತ್ತದೆ. ಒಂದಾದ ಮೇಲೆ ಒಂದು ಹಾಕಿ.

ಫ್ರಿಜ್ಜನ್ನು ಹೊರಡುವ ಹಿಂದಿನ ದಿನವೇ ಆನ್ ಮಾಡಿ. ಗ್ಯಾಸಿನಲ್ಲೂ ನಡೆಯುವ ಹಳೆ ಬಗೆಯ ಫ್ರಿಜ್ ತಣ್ಣಗಾಗಲು ಅರ್ಧ ದಿನವೇ ಬೇಕು, ಮತ್ತು ಅದು ತಣ್ಣಗಿರುವುದನ್ನು ತಣ್ಣಗಿಡುತ್ತದೆಯೇ ಹೊರತು ಬಿಸಿ ಇದ್ದದ್ದನ್ನು ಬೇಗ ತಣ್ಣಗೆ ಮಾಡುವುದಿಲ್ಲ. ಹಾಲು, ಮೊಸರು, ತರಕಾರಿ ಎಲ್ಲವನ್ನೂ ಮನೆಯ ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿಯೇ ಅದಕ್ಕೆ ವರ್ಗಾಯಿಸಿ.

ಇನ್ನು ಒಗ್ಗರಣೆ. ಇದು ಆರ್‌ವಿಯಲ್ಲಿ ನಮ್ಮವರಿಗೆ ಮಾತ್ರ ಬರುವ ಕಷ್ಟ. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದು ಘಾಟು ಎದ್ದ ಕ್ಷಣದಲ್ಲೇ ತಲೆ ಮೇಲಿನ ಹೊಗೆ ಅಲಾರಂ ಕಿರುಚಲು ಶುರುಮಾಡುತ್ತದೆ, ಮಲಗಿದ್ದ ಮಕ್ಕಳೆಲ್ಲ ಎದ್ದು ಕೂರುತ್ತಾರೆ, ಪಕ್ಕದ ಸೈಟಿನವರು ಕಿಟಕಿಯಿಂದ ಇಣುಕುತ್ತಾರೆ. ಇಂಗಿನ ವಾಸನೆಯಂತೂ ಹಾಸಿಗೆ, ಪರದೆಗೆ ಹತ್ತಿಕೊಂಡರೆ ಗಾಡಿ ವಾಪಸ್ ಕೊಡುವವರೆಗೂ ಬಿಡುವುದಿಲ್ಲ. ಎರಡು ದಾರಿ ಇವೆ. ಒಗ್ಗರಣೆಯನ್ನು ಮನೆಯಲ್ಲೇ ಮಾಡಿ ಬೆರೆಸಿಕೊಂಡು ಬನ್ನಿ, ಅಥವಾ ಒಂದು ಸಣ್ಣ ಕ್ಯಾಂಪ್ ಸ್ಟವ್ ಇಟ್ಟುಕೊಂಡು ಹೊರಗಿನ ಪಿಕ್ನಿಕ್ ಟೇಬಲ್ ಮೇಲೆ ಸಿಡಿಸಿ. ಒಳಗೆ ಏನೇ ಬೇಯಿಸಿದರೂ ಕಿಟಕಿ ತೆರೆದು, ಮೇಲಿನ ಫ್ಯಾನ್ ಹಾಕಿ. ಅಲಾರಂ ಬ್ಯಾಟರಿ ಮಾತ್ರ ತೆಗೆಯಬೇಡಿ. ಗ್ಯಾಸಿನ ಗಾಡಿ ಅದು.

ಪುಳಿಯೋಗರೆ ಗೊಜ್ಜು: ಎಲ್ಲಕ್ಕೂ ಇದೇ ಮೊದಲು

ಒಂದೇ ಒಂದು ಐಟಂ ಮಾಡಲು ಸಮಯ ಇದೆ ಅಂದರೆ ಇದನ್ನು ಮಾಡಿ. ಪಾಟ್‌ಲಕ್ಕಿಗೆ ಒಂದು ಟ್ರೇ, ಆರ್‌ವಿಗೆ ಒಂದು ಬಾಟಲಿ. ತಣ್ಣಗೆ ತಿನ್ನುವುದೇ ಇದರ ಲಕ್ಷಣ, ಬಿಸಿ ಮಾಡುವ ಗೋಜಿಲ್ಲ. ಈ ಅಳತೆ ನಾಲ್ಕು ಕಪ್ ಅಕ್ಕಿಯ ಅನ್ನಕ್ಕೆ ಸಾಕು.

ನೂರು ಗ್ರಾಂ ಬೀಜ ತೆಗೆದ ಹುಣಸೆಹಣ್ಣನ್ನು ಎರಡೂವರೆ ಕಪ್ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕಿವುಚಿ, ಸೋಸಿ. ಅದು ನೆನೆಯುವಷ್ಟರಲ್ಲಿ ಪುಡಿ ಮಾಡಿಕೊಳ್ಳಿ. ಕಡಲೆಬೇಳೆ ಎರಡು ದೊಡ್ಡ ಚಮಚ, ಉದ್ದಿನಬೇಳೆ ಎರಡು, ಕೊತ್ತಂಬರಿ ಬೀಜ ಮೂರು, ಜೀರಿಗೆ ಒಂದು ಸಣ್ಣ ಚಮಚ, ಮೆಣಸು ಒಂದು, ಮೆಂತ್ಯ ಅರ್ಧ. ಬ್ಯಾಡಗಿ ಮೆಣಸಿನಕಾಯಿ ಹನ್ನೆರಡು, ಖಾರದ ಗುಂಟೂರು ಆರು. ಇವನ್ನು ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಿರಿ, ಎಲ್ಲಾ ಒಟ್ಟಿಗೆ ಹಾಕಬೇಡಿ. ಕಡಲೆಬೇಳೆ ಕೆಂಪಾಗುವಷ್ಟರಲ್ಲಿ ಮೆಂತ್ಯ ಕಪ್ಪಾಗಿ ಕಹಿಯಾಗಿರುತ್ತದೆ. ಆರಿದ ಮೇಲೆ ಸ್ವಲ್ಪ ತರಿ ಇರುವ ಹಾಗೆ ಪುಡಿ ಮಾಡಿ. ಮೂರು ಚಮಚ ಎಳ್ಳನ್ನು ಹುರಿದು, ಅರ್ಧ ಕಪ್ ಒಣಕೊಬ್ಬರಿ ತುರಿಯ ಜೊತೆ ಬೇರೆಯಾಗಿ ಪುಡಿ ಮಾಡಿ, ಬೇರೆ ಡಬ್ಬಿಯಲ್ಲೇ ಇಡಿ. ಎಳ್ಳು ಕೊಬ್ಬರಿ ಬಿದ್ದರೆ ಗೊಜ್ಜಿಗೆ ಬೇಗ ಕಮಟು ವಾಸನೆ ಬರುತ್ತದೆ, ಅದಕ್ಕೆ ಅದು ಅನ್ನ ಕಲಸುವಾಗಲೇ.

ದಪ್ಪ ತಳದ ಬಾಣಲೆಯಲ್ಲಿ ಮುಕ್ಕಾಲು ಕಪ್ ಎಳ್ಳೆಣ್ಣೆ ಕಾಯಿಸಿ. ಅಷ್ಟು ಎಣ್ಣೆಯಾ ಅನ್ನಬೇಡಿ, ಗೊಜ್ಜನ್ನು ಕಾಯುವುದೇ ಅದು. ಸಾಸಿವೆ, ಕಡಲೆಬೇಳೆ, ಒಂದು ಹಿಡಿ ಕಡಲೆಕಾಯಿ ಬೀಜ ಕೆಂಪಗಾಗಲಿ. ಕರಿಬೇವು, ಇಂಗು, ಅರಿಶಿನ ಹಾಕಿ ಹುಣಸೆ ರಸ ಸುರಿಯಿರಿ. ಒಂದೂವರೆ ದೊಡ್ಡ ಚಮಚ ಉಪ್ಪು, ಮೂರು ಚಮಚ ಬೆಲ್ಲ. ಮೊದಲು ಜೋರಾಗಿ ಕುದಿಸಿ, ಅರ್ಧಕ್ಕೆ ಇಳಿದ ಮೇಲೆ ಹುರಿದ ಮಸಾಲೆ ಪುಡಿ ಹಾಕಿ ಉರಿ ಸಣ್ಣ ಮಾಡಿ. ಇಲ್ಲಿಂದ ಮುಂದೆ ಕಣ್ಣು ತೆಗೆಯಬೇಡಿ. ಗುಳ್ಳೆಗಳು ದಪ್ಪಗಾಗಿ ಪಟ್ ಪಟ್ ಅಂತ ಸಿಡಿಯುತ್ತವೆ, ಬಣ್ಣ ಕೆಂಪಿನಿಂದ ಕಪ್ಪು ಕೆಂಪಿಗೆ ತಿರುಗುತ್ತದೆ, ಆಮೇಲೆ ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡು ಮಿನುಗತೊಡಗುತ್ತದೆ. ಸೌಟಿನಿಂದ ಬೀಳಿಸಿದರೆ ಜಾಮ್ ಹಾಗೆ ಮುದ್ದೆಯಾಗಿ ಬೀಳಬೇಕು. ಆಗ ಇಳಿಸಿ. ಪೂರ್ತಿ ಆರಿದ ಮೇಲೆ ಒಣಗಿದ ಗಾಜಿನ ಬಾಟಲಿಗೆ. ಒದ್ದೆ ಚಮಚ ತಾಗಿಸದಿದ್ದರೆ ಫ್ರಿಜ್ಜಿನಲ್ಲಿ ಒಂದು ತಿಂಗಳು ಆರಾಮಾಗಿ ಇರುತ್ತದೆ.

ಕಲಸುವಾಗ ಸೋನಾ ಮಸೂರಿ ಅನ್ನ ಸ್ವಲ್ಪ ಉದುರಾಗಿ ಮಾಡಿ ಅಗಲದ ಟ್ರೇಯಲ್ಲಿ ಹರಡಿ, ಒಂದು ಚಮಚ ಎಳ್ಳೆಣ್ಣೆ ಹಾಕಿ ಆರಲು ಬಿಡಿ. ಬಿಸಿ ಅನ್ನಕ್ಕೆ ಗೊಜ್ಜು ಹಾಕಿದರೆ ಅಗುಳು ಮುರಿದು ಮುದ್ದೆಯಾಗುತ್ತದೆ. ಬಾಸ್ಮತಿ ನನಗೆ ಹಿಡಿಸುವುದಿಲ್ಲ, ಅದರ ಪರಿಮಳವೇ ಗೊಜ್ಜಿನ ಜೊತೆ ಜಗಳಕ್ಕೆ ನಿಲ್ಲುತ್ತದೆ. ಗೊಜ್ಜು ಮುಕ್ಕಾಲು ಪಾಲು ಹಾಕಿ ರುಚಿ ನೋಡಿ, ಆಮೇಲೆ ಉಳಿದದ್ದು. ಕೊನೆಗೆ ಎಳ್ಳು ಕೊಬ್ಬರಿ ಪುಡಿ. ಒಂದು ಗಂಟೆ ಮುಂಚೆ ಕಲಸಿದರೆ ಉಪ್ಪು ಹುಳಿ ಚೆನ್ನಾಗಿ ಹಿಡಿಯುತ್ತದೆ.

ಕರಿಬೇವಿನ ಬಗ್ಗೆ ಒಂದು ಮಾತು. ಕ್ಯಾಲಿಫೋರ್ನಿಯಾಕ್ಕೆ ರಸ್ತೆಯಲ್ಲಿ ಬರುವಾಗ ಗಡಿಯ ತಪಾಸಣೆಯಲ್ಲಿ ಹಣ್ಣು, ಸೊಪ್ಪು, ಗಿಡ ಇದೆಯಾ ಅಂತ ಕೇಳುತ್ತಾರೆ. ಕರಿಬೇವು ನಿಂಬೆ, ಕಿತ್ತಳೆಯ ಕುಟುಂಬಕ್ಕೇ ಸೇರಿದ ಗಿಡ. ಕಿತ್ತಳೆ ತೋಟಗಳಿಗೆ ರೋಗ ಹರಡುವ ಕೀಟ ಇದರ ಎಲೆಯ ಮೇಲೂ ಕೂರುತ್ತದೆ. ಹಸಿ ಕರಿಬೇವಿನ ಕಟ್ಟು ಒಯ್ಯುವ ಬದಲು ಮನೆಯಲ್ಲೇ ಎಣ್ಣೆಯಲ್ಲಿ ಗರಿಗರಿಯಾಗಿ ಹುರಿದು ಡಬ್ಬಿಗೆ ಹಾಕಿಕೊಳ್ಳಿ.

ಒಲೆ ಹತ್ತು ನಿಮಿಷ ಉರಿದರೆ ಸಾಕು ಅನ್ನುವ ತಿಂಡಿಗಳು

ಗೊಜ್ಜವಲಕ್ಕಿಗೆ ಬೇಯಿಸುವ ಕೆಲಸವೇ ಇಲ್ಲ. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ ರವೆಯಷ್ಟು ತರಿ ಮಾಡಿ ಒಯ್ಯಿರಿ. ಅಲ್ಲಿ ಒಂದು ನಿಂಬೆ ಗಾತ್ರದ ಹುಣಸೆಯನ್ನು ಒಂದೂವರೆ ಕಪ್ ನೀರಿನಲ್ಲಿ ಕಿವುಚಿ, ಎರಡು ಚಮಚ ಬೆಲ್ಲ, ಎರಡು ಸಣ್ಣ ಚಮಚ ಸಾರಿನ ಪುಡಿ, ಉಪ್ಪು ಬೆರೆಸಿ ಎರಡು ಕಪ್ ತರಿಗೆ ಹಾಕಿ ಕಲಸಿ ಮುಚ್ಚಿಡಿ. ಇಪ್ಪತ್ತು ನಿಮಿಷ ಬಿಟ್ಟು ಬೆರಳಲ್ಲಿ ಉದುರು ಮಾಡಿ. ಇನ್ನೂ ಗಟ್ಟಿ ಇದ್ದರೆ ನೀರು ಚಿಮುಕಿಸಿ. ಮನೆಯಿಂದ ತಂದ ಒಗ್ಗರಣೆ, ಕೊಬ್ಬರಿ ತುರಿ ಬೆರೆಸಿದರೆ ಮುಗಿಯಿತು. ತೊಳೆಯಲು ಒಂದೇ ಪಾತ್ರೆ. ಆರ್‌ವಿಯಲ್ಲಿ ಇದು ದೊಡ್ಡ ವಿಷಯ, ಏಕೆಂದರೆ ಸಿಂಕಿನ ನೀರೆಲ್ಲಾ ಗಾಡಿಯ ಕೆಳಗಿನ ಟ್ಯಾಂಕಿನಲ್ಲೇ ತುಂಬುತ್ತದೆ, ಅದು ತುಂಬಿದರೆ ತೊಳೆಯುವುದು ಬಂದ್. ಎಣ್ಣೆ ಜಿಡ್ಡನ್ನು ಪೇಪರ್ ಟವಲಿನಲ್ಲಿ ಒರೆಸಿ ಕಸಕ್ಕೆ ಹಾಕಿ, ಆಮೇಲೆ ತೊಳೆಯಿರಿ.

ಉಪ್ಪಿಟ್ಟಿಗೆ ರವೆ ಮಿಕ್ಸ್ ಮಾಡಿಕೊಳ್ಳಿ. ನಾಲ್ಕು ಚಮಚ ಎಣ್ಣೆಗೆ ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಗೋಡಂಬಿ, ಸೀಳಿದ ಹಸಿಮೆಣಸಿನಕಾಯಿ, ಕರಿಬೇವು ಹಾಕಿ. ಮೆಣಸಿನಕಾಯಿಯ ನೀರಂಶ ಪೂರ್ತಿ ಹೋಗಿ ಗರಿಯಾಗಬೇಕು. ಎರಡು ಕಪ್ ರವೆ ಹಾಕಿ ಘಮ ಬರುವವರೆಗೆ ಹುರಿದು, ಒಂದೂವರೆ ಸಣ್ಣ ಚಮಚ ಉಪ್ಪು ಸೇರಿಸಿ, ಆರಿಸಿ, ಜಿಪ್‌ಲಾಕ್ ಚೀಲಕ್ಕೆ ತುಂಬಿ. ಚೀಲದ ಮೇಲೆ ಅಳತೆ ಬರೆದುಬಿಡಿ: ಒಂದು ಕಪ್ ಮಿಕ್ಸಿಗೆ ಎರಡೂವರೆ ಕಪ್ ಕುದಿ ನೀರು. ಹೀಗೆ ಬರೆದಿದ್ದರೆ ಬೆಳಿಗ್ಗೆ ಯಾರು ಮೊದಲು ಎದ್ದರೋ ಅವರೇ ಮಾಡಬಹುದು, ನಿಮ್ಮನ್ನು ಎಬ್ಬಿಸುವುದಿಲ್ಲ.

ಚಪಾತಿ ಮನೆಯಲ್ಲೇ ಅರ್ಧ ಬೇಯಿಸಿ, ಆರಿಸಿ, ಫ್ರೀಜರಿನಲ್ಲಿಟ್ಟು ತರಬಹುದು. ಸುಮ್ನೆ ಯಾಕೆ ಅಷ್ಟು ಕಷ್ಟ ಅನ್ನುವವರಿಗೆ ಅಂಗಡಿಯ ಗೋಧಿ ಟಾರ್ಟಿಯಾ ಇದೆ. ಶೇಂಗಾ ಚಟ್ನಿಪುಡಿ, ತುಪ್ಪ ಸವರಿ ಸುತ್ತಿ ಕೊಟ್ಟರೆ ಮಕ್ಕಳು ಕೇಳಿ ತಿನ್ನುತ್ತಾರೆ.

ತಣ್ಣನೆಯವು: ಕೋಸಂಬರಿ, ಮೊಸರನ್ನ

ಕೋಸಂಬರಿಯನ್ನು ಮನೆಯಿಂದ ಕಲಸಿಕೊಂಡು ಹೋದರೆ ಅಲ್ಲಿ ಡಬ್ಬಿ ತೆರೆದಾಗ ಅರ್ಧ ನೀರು. ಉಪ್ಪು ಬಿದ್ದ ಕೂಡಲೇ ಸೌತೆಕಾಯಿ ನೀರು ಬಿಡುತ್ತದೆ ಅಲ್ವಾ. ಒಂದು ಕಪ್ ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ, ನೀರು ಬಸಿದು, ಬಟ್ಟೆಯ ಮೇಲೆ ಹರಡಿ ಒಣಗಿಸಿ ಒಂದು ಡಬ್ಬಿಗೆ ಹಾಕಿ. ತಿರುಳು ತೆಗೆದು ಹೆಚ್ಚಿದ ಸೌತೆಕಾಯಿ, ಕ್ಯಾರೆಟ್ ತುರಿ ಇನ್ನೊಂದಕ್ಕೆ. ಕಾಯಿತುರಿ, ಕೊತ್ತಂಬರಿ ಸೊಪ್ಪು, ಒಗ್ಗರಣೆ ಮೂರನೆಯದಕ್ಕೆ. ಮೂರೂ ಐಸ್ ಪೆಟ್ಟಿಗೆಯಲ್ಲಿ ಹೋಗಲಿ. ಬಡಿಸುವ ಐದು ನಿಮಿಷ ಮುಂಚೆ ಎಲ್ಲಾ ಸೇರಿಸಿ ನಿಂಬೆರಸ, ಉಪ್ಪು. ಸಲಾಡ್ ಅಂತ ಹೇಳಿದರೆ ಸಾಕು, ಅಮೆರಿಕದ ನೆರೆಯವರೂ ತಟ್ಟೆ ತುಂಬಾ ಹಾಕಿಕೊಳ್ಳುತ್ತಾರೆ.

ಮೊಸರನ್ನದ ಗುಟ್ಟು ಹಾಲಿನಲ್ಲಿದೆ. ಒಂದು ಕಪ್ ಅಕ್ಕಿಗೆ ನಾಲ್ಕು ಕಪ್ ನೀರಿಟ್ಟು ಮೆತ್ತಗೆ ಬೇಯಿಸಿ, ಬಿಸಿ ಇರುವಾಗಲೇ ಮಸೆದು, ಒಂದೂವರೆ ಕಪ್ ಕಾಯಿಸಿದ ಹಾಲು ಹಾಕಿ. ತಣ್ಣಗಾದ ಮೇಲೆ ಅರ್ಧ ಕಪ್ ಮೊಸರು, ಉಪ್ಪು, ಶುಂಠಿ, ಒಗ್ಗರಣೆ. ಹೀಗೆ ಮಾಡಿ ಫ್ರಿಜ್ಜಿನಲ್ಲಿಟ್ಟರೆ ತಿನ್ನುವ ಹೊತ್ತಿಗೆ ಹುಳಿಯಾಗಿರುವುದಿಲ್ಲ, ಗಟ್ಟಿಯೂ ಆಗಿರುವುದಿಲ್ಲ. ದಾಳಿಂಬೆ ಕೊನೆಯಲ್ಲಿ.

ಇವೆರಡರಲ್ಲೂ ಅನ್ನ, ಹಾಲು, ನೆನೆದ ಬೇಳೆ ಇರುವುದರಿಂದ ಇಲ್ಲಿ ಉದಾಸೀನ ಮಾಡಬೇಡಿ. ಅಮೆರಿಕದ ಕೃಷಿ ಇಲಾಖೆಯ ನಿಯಮ ಸರಳವಾಗಿದೆ. ಕೆಡುವಂಥ ಆಹಾರ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು, ಬಿಸಿಲು 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ ಒಂದೇ ಗಂಟೆ. 40ರಿಂದ 140 ಡಿಗ್ರಿ ಫ್ಯಾರನ್‌ಹೀಟ್ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ. ಅನ್ನದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು, ಅದರಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಪಿಕ್ನಿಕ್ ಟೇಬಲ್ ಮೇಲೆ ದೊಡ್ಡ ಟ್ರೇಯಲ್ಲಿ ಐಸ್ ಹರಡಿ, ಅದರೊಳಗೆ ಮೊಸರನ್ನದ ಟ್ರೇ ಕೂರಿಸಿ. ಅರ್ಧ ಮಾತ್ರ ಹೊರಗಿಡಿ, ಖಾಲಿಯಾದಂತೆ ಉಳಿದದ್ದು ಬರಲಿ.

ಸಂಜೆಗೆ ಗಿರ್ಮಿಟ್, ಬೆಂಕಿಗೆ ಬದನೆಕಾಯಿ

ಹುಬ್ಬಳ್ಳಿ ಧಾರವಾಡದ ಗಿರ್ಮಿಟ್ ಕ್ಯಾಂಪಿಗೆ ಹೇಳಿ ಮಾಡಿಸಿದ್ದು. ಈರುಳ್ಳಿ, ಟೊಮೆಟೊ, ಹಸಿಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ಬಾಡಿಸಿ, ಹುಣಸೆರಸ, ಬೆಲ್ಲ, ಅರಿಶಿನ, ಉಪ್ಪು ಹಾಕಿ ಗಟ್ಟಿ ಗೊಜ್ಜು ಮಾಡಿ ಫ್ರಿಜ್ಜಿನಲ್ಲಿಡಿ. ಮಂಡಕ್ಕಿ, ಹುರಿಗಡಲೆ ಪುಡಿ, ಸೇವ್ ಬೇರೆ ಬೇರೆ. ಹೊಟ್ಟೆ ಹಸಿದವರಿಗೆ ಅಲ್ಲೇ ಒಂದೊಂದು ಬೋಗುಣಿ ಕಲಸಿ ಕೊಡಿ. ಎಲ್ಲರಿಗೂ ಒಟ್ಟಿಗೆ ಕಲಸಿದರೆ ಕೊನೆಯವರಿಗೆ ಮೆತ್ತಗಾದದ್ದೇ ಗತಿ. ಪಾಟ್‌ಲಕ್ಕಿನಲ್ಲೂ ಹೀಗೇ ಒಂದು ಮೂಲೆಯಲ್ಲಿ ನಿಂತು ಕಲಸಿ ಕೊಡಿ, ಸಾಲು ನಿಲ್ಲುತ್ತದೆ.

ಬೆಂಕಿ ಹಾಕಲು ಅನುಮತಿ ಇದ್ದರೆ ಬದನೆಕಾಯಿ ಸುಡದೆ ಬರಬೇಡಿ. ಪಶ್ಚಿಮದ ರಾಜ್ಯಗಳಲ್ಲಿ ಬೇಸಿಗೆಯಲ್ಲಿ ಬೆಂಕಿ ನಿಷೇಧ ಆಗಾಗ ಬರುತ್ತದೆ, ಕ್ಯಾಂಪ್‌ಗ್ರೌಂಡಿನ ಬೋರ್ಡ್ ನೋಡಿಕೊಳ್ಳಿ. ದೊಡ್ಡ ಗುಂಡು ಬದನೆಗೆ ಎಣ್ಣೆ ಸವರಿ, ನಾಲ್ಕು ಕಡೆ ಚಾಕುವಿನಿಂದ ಚುಚ್ಚಿ. ಜ್ವಾಲೆ ಇಳಿದು ಕೆಂಡ ಆದ ಮೇಲೆ ಗ್ರಿಲ್ ಮೇಲಿಡಿ. ಹತ್ತು ನಿಮಿಷಕ್ಕೆ ಸಿಪ್ಪೆ ಸುಕ್ಕಾಗುತ್ತದೆ, ಚುಚ್ಚಿದ ಕಡೆಯಿಂದ ರಸ ಕೆಂಡಕ್ಕೆ ಬಿದ್ದು ಚುಯ್ ಅನ್ನುತ್ತದೆ. ತಿರುಗಿಸುತ್ತಾ ಇರಿ. ಇಡೀ ಕಾಯಿ ಕುಸಿದು, ತೊಟ್ಟಿನ ಹತ್ತಿರ ಇಕ್ಕಳ ಒತ್ತಿದರೆ ಸುಲಭವಾಗಿ ಒಳಗೆ ಹೋಗಬೇಕು. ಅಲ್ಲೇ ಗಟ್ಟಿ ಉಳಿದುಬಿಡುತ್ತದೆ, ಅದನ್ನು ನೋಡದೆ ತೆಗೆಯಬೇಡಿ. ಮುಚ್ಚಿಟ್ಟು ಹತ್ತು ನಿಮಿಷ ಬಿಟ್ಟರೆ ಸಿಪ್ಪೆ ಕೈಗೇ ಬರುತ್ತದೆ. ಕಿವುಚಿ ಹಸಿ ಈರುಳ್ಳಿ, ಹಸಿಮೆಣಸಿನಕಾಯಿ, ಉಪ್ಪು, ತಣ್ಣನೆ ಮೊಸರು ಹಾಕಿ. ಬಿಸಿ ಅನ್ನಕ್ಕೂ ಸರಿ, ಟಾರ್ಟಿಯಾಕ್ಕೂ ಸರಿ. ಅದೇ ಕೆಂಡದಲ್ಲಿ ಮುಸುಕಿನ ಜೋಳ ಸುಟ್ಟು ನಿಂಬೆ, ಉಪ್ಪು, ಖಾರದಪುಡಿ ತಿಕ್ಕಿ.

ಸಿಹಿಗೆ ಜಾಸ್ತಿ ಯೋಚಿಸಬೇಡಿ. ಆರ್‌ವಿಗೆ ರವೆ ಉಂಡೆ, ಹಾಲು ಹಾಕದೆ ತುಪ್ಪದಲ್ಲೇ ಕಟ್ಟಿದ್ದು. ಪಾಟ್‌ಲಕ್ಕಿಗೆ ಕೇಸರಿಬಾತ್, ತುಪ್ಪ ಸವರಿದ ಟ್ರೇಗೆ ಬಗ್ಗಿಸಿ ಚೌಕಾಕಾರ ಕತ್ತರಿಸಿದರೆ ಚಮಚವೇ ಬೇಡ.

ಮೇಜಿನ ಮೇಲೆ, ಮತ್ತು ಕರಡಿ ಬರುವ ಮುಂಚೆ

ಪಾಟ್‌ಲಕ್ಕಿಗೆ ಎಷ್ಟು ಮಾಡಬೇಕು? ಎಲ್ಲರೂ ಒಂದೊಂದು ತರುವಾಗ ಯಾರೂ ಯಾವುದನ್ನೂ ಹೊಟ್ಟೆ ತುಂಬಾ ತಿನ್ನುವುದಿಲ್ಲ. ನಾಲ್ಕು ಕಪ್ ಅಕ್ಕಿಯ ಪುಳಿಯೋಗರೆ ಅರ್ಧ ಗಾತ್ರದ ಆಳವಾದ ಅಲ್ಯುಮಿನಿಯಂ ಟ್ರೇಗೆ ಬರುತ್ತದೆ, ಇಪ್ಪತ್ತು ಜನ ರುಚಿ ನೋಡಲು ಸಾಕು. ಬಡಿಸುವ ಸೌಟು ನೀವೇ ಒಯ್ಯಿರಿ. ಒಂದು ಚೀಟಿ ಅಂಟಿಸಿ: ಹೆಸರು, ಕಡಲೆಕಾಯಿ ಇದೆಯೇ, ಗೋಡಂಬಿ ಇದೆಯೇ, ಎಳ್ಳು ಇದೆಯೇ, ಹಾಲು ತುಪ್ಪ ಇದೆಯೇ, ಈರುಳ್ಳಿ ಬೆಳ್ಳುಳ್ಳಿ ಇದೆಯೇ, ಖಾರ ಎಷ್ಟು. ಇಲ್ಲಿ ಶಾಲೆಗೆ ಹೋಗುವ ಮಕ್ಕಳಲ್ಲಿ ಕಡಲೆಕಾಯಿ ಅಲರ್ಜಿ ಇರುವವರು ಇರುತ್ತಾರೆ. ನಮ್ಮ ಒಗ್ಗರಣೆಯಲ್ಲಿ ಅದು ಇದ್ದೇ ಇರುತ್ತದೆ ಅಂತ ಅವರ ತಾಯಂದಿರಿಗೆ ಗೊತ್ತಿರಬೇಕಲ್ಲ. ಸಾಧ್ಯವಿದ್ದರೆ ಕಡಲೆಕಾಯಿ ಹಾಕದ ಒಂದು ಸಣ್ಣ ಡಬ್ಬಿ ಬೇರೆ ತೆಗೆದಿಡಿ.

ಕ್ಯಾಂಪಿನಲ್ಲಿ ಊಟ ಆದ ತಕ್ಷಣ ಮೇಜು ಖಾಲಿ ಮಾಡಿ. ಯೊಸೆಮಿಟೆ, ಯೆಲ್ಲೋಸ್ಟೋನಿನಲ್ಲಿ ಕರಡಿಗಳಿಗೆ ಐಸ್ ಪೆಟ್ಟಿಗೆ ಅಂದರೆ ಊಟ ಅಂತ ಗೊತ್ತು. ಐಸ್ ಪೆಟ್ಟಿಗೆ, ಎಣ್ಣೆ ಬಾಟಲಿ, ಮಸಾಲೆ ಡಬ್ಬಿ, ಮಕ್ಕಳ ಟೂತ್‌ಪೇಸ್ಟ್ ಕೂಡ ರಾತ್ರಿ ಆರ್‌ವಿ ಒಳಗೆ ಇಲ್ಲವೇ ಕ್ಯಾಂಪಿನ ಕಬ್ಬಿಣದ ಪೆಟ್ಟಿಗೆಗೆ ಹೋಗಬೇಕು. ಜೊತೆಗೆ ಬಂದ ಕಾರಿನಲ್ಲಿ ಚಿಪ್ಸ್ ಪ್ಯಾಕೆಟ್ ಬಿಟ್ಟರೂ ಬಾಗಿಲು ಕಿತ್ತು ತೆಗೆಯುತ್ತವೆ. ಉಳಿದ ಅನ್ನವನ್ನು ಹಕ್ಕಿಗಾಗಲಿ ಅಂತ ಕಲ್ಲಿನ ಮೇಲೆ ಇಡಬೇಡಿ, ದಂಡ ಹಾಕುತ್ತಾರೆ. ಕರಡಿ ತೆರೆಯಲಾಗದ ಮುಚ್ಚಳದ ಕಸದ ಡಬ್ಬಿ ಈ ಪಾರ್ಕುಗಳ ಕ್ಯಾಂಪುಗಳಲ್ಲಿ ಇರುತ್ತದೆ, ಅದಕ್ಕೇ ಹಾಕಿ, ಕೊಕ್ಕೆ ಸಿಕ್ಕಿಕೊಂಡಿದೆಯಾ ಅಂತ ಒಮ್ಮೆ ಎಳೆದು ನೋಡಿ.